ಒಬ್ಬನೇ ಅಂಬಿಗನ ಕೂಗು

ನನ್ನ ಬಾಲ್ಯದ ಊರಿನಲ್ಲಿ ಹೊಳೆ ದಾಟಲು ಒಂದೇ ದೋಣಿಯಿತ್ತು. ಅದಕ್ಕೆ ಒಬ್ಬನೇ ಅಂಬಿಗ. "ನನ್ನ ದೋಣಿಗೇ ಬನ್ನಿ" ಎಂದು ಅವನು ಎಂದೂ ದಡದಲ್ಲಿ ನಿಂತು ಕೂಗಿದವನಲ್ಲ. ಕೂಗುತ್ತಿದ್ದವರು ನಾವು. ಬೇರೆ ದೋಣಿಯೇ ಇಲ್ಲದ ಕಡೆ ಅಂಬಿಗನು ಗಿರಾಕಿಯನ್ನು ಕರೆಯಬೇಕಾದ ಅಗತ್ಯವಿಲ್ಲ. ಇದು ಲೋಕದ ಸರಳವಾದ ನ್ಯಾಯ. ಆ ನ್ಯಾಯ ಈಗ ತಲೆಕೆಳಗಾಗಿರುವುದನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಾನು ವಾಸವಾಗಿರುವ ಪಟ್ಟಣಕ್ಕೆ ವಿದ್ಯುತ್ತನ್ನು ಒದಗಿಸುವ ಕಂಪನಿ ಒಂದೇ ಒಂದು. ಅದರ ಸೇವೆ ನನಗೆ ಹಿಡಿಸದಿದ್ದರೆ ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ. ಚಿಮಣಿ ದೀಪಕ್ಕೆ ಮರಳಬೇಕು, ಅಷ್ಟೆ. ಹೀಗಿದ್ದೂ ಬಸ್ ನಿಲ್ದಾಣದ ಎದುರಿಗೆ ಆ ಕಂಪನಿಯ ದೊಡ್ಡದೊಂದು ಜಾಹೀರಾತು ಫಲಕವಿದೆ. ಅದರಲ್ಲಿ ತಂದೆ, ತಾಯಿ, ಎರಡು ಮಕ್ಕಳು ದೀಪದ ಕೆಳಗೆ ಕುಳಿತು ನಗುತ್ತಿದ್ದಾರೆ. ನಮ್ಮ ನಗುವಿನಲ್ಲಿಯೇ ತನ್ನ ಸಾರ್ಥಕ್ಯವಿದೆಯೆಂಬ ಅರ್ಥದ ಸಾಲೊಂದು ಅದರಡಿಯಲ್ಲಿದೆ.

ಕಳೆದ ಮುಂಗಾರಿನ ಒಂದು ರಾತ್ರಿ, ಎಂಟು ಗಂಟೆಯ ಸುಮಾರಿಗೆ, ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ನನ್ನ ಅಕ್ಕನಿಗೆ ಉಬ್ಬಸ. ಮಳೆಗಾಲದಲ್ಲಿ ಆಕೆಗೆ ಔಷಧಿಯ ಹಬೆ ಕೊಡುವ ಸಣ್ಣ ಯಂತ್ರವೊಂದಿದೆ. ಕರೆಂಟಿಲ್ಲದೆ ಅದು ನಡೆಯದು. ನಾನು ದೂರಿನ ಸಂಖ್ಯೆಗೆ ಫೋನು ಮಾಡಿದೆ. ಮುದ್ರಿಸಿಟ್ಟ ಮಧುರವಾದ ಧ್ವನಿಯೊಂದು ಮೊದಲು ಕಂಪನಿಯ ಸೇವಾಮನೋಭಾವವನ್ನು ಕೊಂಡಾಡಿತು. ಅನಂತರ, ಸಿಬ್ಬಂದಿಯೆಲ್ಲ ಬೇರೆ ಗ್ರಾಹಕರ ಸೇವೆಯಲ್ಲಿದ್ದಾರೆ, ದಯವಿಟ್ಟು ಕಾಯಿರಿ, ಎಂದಿತು. ಆ ಸ್ತೋತ್ರವನ್ನು ನಾನು ಏಳು ಸಲ ಕೇಳಿದೆ. ಪಕ್ಕದ ಕೋಣೆಯಲ್ಲಿ ಅಕ್ಕನ ಉಸಿರಿನ ಸದ್ದು ಅದಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.

ಕೊನೆಗೆ ಎದುರುಮನೆಯವರೇ ಕೊಡೆ ಹಿಡಿದು ಬಂದರು. "ನಮ್ಮಲ್ಲಿ ಇನ್ವರ್ಟರ್ ಇದೆ, ಮೇಷ್ಟ್ರೇ. ಅಕ್ಕನವರನ್ನು ಅಲ್ಲಿಗೇ ಕರೆತನ್ನಿ" ಎಂದರು. ಅಕ್ಕನನ್ನು ಅಲ್ಲಿ ಕುಳ್ಳಿರಿಸಿ, ನಾನು ದೂರು ಕೊಡಲು ಕಚೇರಿಗೆ ನಡೆದುಕೊಂಡೇ ಹೊರಟೆ. ಬಸ್ ನಿಲ್ದಾಣದ ಕಡೆಯ ಲೈನು ಬೇರೆ. ಅಲ್ಲಿ ಆ ಫಲಕ ಝಗಝಗಿಸುತ್ತಿತ್ತು. ಮಳೆಯಲ್ಲಿ ತೊಯ್ಯುತ್ತಲೇ ಆ ನಾಲ್ವರೂ ನಗುತ್ತಿದ್ದರು. ನನ್ನ ಆಯುಷ್ಯದಲ್ಲಿ ಒಂದು ಚಿತ್ರದ ಮೇಲೆ ಅಷ್ಟು ಕೋಪ ಬಂದದ್ದು ಅದೇ ಮೊದಲು.

ಹತ್ತೂವರೆಗೆ ಲೈನ್‌ಮನ್ ಬಂದ. ತಂತಿಯ ಮೇಲೆ ಬಿದ್ದಿದ್ದ ಕೊಂಬೆಯನ್ನು ಮಳೆಯಲ್ಲಿಯೇ ಕಂಬ ಹತ್ತಿ ತೆಗೆದ. "ಒಬ್ಬನೇ ಬಂದೆಯೇನಪ್ಪಾ?" ಎಂದು ಕೇಳಿದೆ. "ಇನ್ನೊಬ್ಬರ ಜಾಗ ಖಾಲಿ ಸ್ವಾಮಿ. ಎರಡೂ ಕಡೆಯ ಲೈನು ನನ್ನದೇ" ಎಂದ. ನನ್ನ ಕೋಪ ಅವನ ಮೇಲೆ ಅಲ್ಲವೆಂಬುದು ಆಗ ಸ್ಪಷ್ಟವಾಯಿತು. ಆ ಫಲಕದಲ್ಲಿ ಅವನ ಚಿತ್ರವೂ ಇಲ್ಲ.

ಗಿರಾಕಿ ಬಿಟ್ಟುಹೋಗುವ ಭಯವೇ ಇಲ್ಲದ ಕಂಪನಿ ಜಾಹೀರಾತು ಕೊಡುವುದೇಕೆ? ಇದಕ್ಕೊಂದು ಹಳೆಯ ನಿದರ್ಶನವಿದೆ. 1908ರಲ್ಲಿ ಅಮೆರಿಕದ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪನಿ, ಥಿಯೋಡೋರ್ ವೇಲ್ ಎಂಬಾತನ ಅಧ್ಯಕ್ಷತೆಯಲ್ಲಿ, ಪತ್ರಿಕೆಗಳಲ್ಲಿ ಜಾಹೀರಾತುಗಳ ಒಂದು ಮಾಲೆಯನ್ನೇ ಆರಂಭಿಸಿತು. ಅದರ ಮುಖ್ಯ ಉದ್ದೇಶ ಟೆಲಿಫೋನುಗಳನ್ನು ಮಾರುವುದಾಗಿರಲಿಲ್ಲ. ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಿರುವುದೇ ಒಳಿತೆಂದು ಜನರನ್ನು ನಂಬಿಸುವುದಾಗಿತ್ತು. ಕೊಳ್ಳುವವನ ಮನಸ್ಸಿಗಿಂತ ಮತ ಹಾಕುವವನ ಮನಸ್ಸು ಅದಕ್ಕೆ ಬೇಕಾಗಿತ್ತು. ಆ ವ್ಯವಸ್ಥೆ ಒಡೆದು ಬೇರೆಬೇರೆಯಾದದ್ದು 1984ರಲ್ಲಿ. ಏಕಸ್ವಾಮ್ಯದ ಜಾಹೀರಾತು ಸರಕಿನದಲ್ಲ, ಒಡೆತನದ್ದು ಎಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ನಾಡಿನ ವಿದ್ಯುತ್ತಿನ ಕಥೆ ದೊಡ್ಡದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮುಂದೆ ಮಂಡಳಿ ಬಂತು. 1999ರಲ್ಲಿ ಮಂಡಳಿ ಹೋಗಿ ನಿಗಮವಾಯಿತು. 2002ರಲ್ಲಿ ಹಂಚುವ ಕೆಲಸ ಪ್ರದೇಶಕ್ಕೊಂದರಂತೆ ಕಂಪನಿಗಳ ಪಾಲಿಗೆ ಬಂತು. ಹೆಸರು ಬದಲಾಯಿತು, ಆದರೆ ಮನೆಯ ಬಳಕೆದಾರನ ಪಾಲಿಗೆ ಅಂಬಿಗ ಒಬ್ಬನೇ ಉಳಿದ. ದರವನ್ನು ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕಂಪನಿ ತನ್ನ ವೆಚ್ಚಗಳ ಲೆಕ್ಕವನ್ನು ಆಯೋಗದ ಮುಂದಿಡುತ್ತದೆ. ಆಯೋಗ ಒಪ್ಪಿದಷ್ಟು ವೆಚ್ಚ ನಮ್ಮ ಬಿಲ್ಲಿಗೆ ಬರುತ್ತದೆ. ಆಡಳಿತದ ಖರ್ಚಿನೊಡನೆ ಜಾಹೀರಾತಿನ ಖರ್ಚೂ ಆ ಲೆಕ್ಕದಲ್ಲಿ ಸೇರಿರುತ್ತದೆ. ನನ್ನನ್ನು ಹೊಗಳಿ ಒಲಿಸಿಕೊಳ್ಳಲು ತಗಲುವ ಹಣವನ್ನು ನಾನೇ ತೆರಬೇಕಾಗಬಹುದೆಂಬ ವಿಚಿತ್ರ ಇದು!

ಕಂಪನಿ ಬಾಯಿ ಮುಚ್ಚಿಕೊಂಡಿರಬೇಕೆಂಬುದು ನನ್ನ ವಾದವಲ್ಲ. ಕಡಿದು ಬಿದ್ದ ತಂತಿಯನ್ನು ಮುಟ್ಟಬೇಡಿ, ಕಂಬಕ್ಕೆ ದನ ಕಟ್ಟಬೇಡಿ, ನಾಳೆ ಇಂಥ ಹೊತ್ತಿನಲ್ಲಿ ಕರೆಂಟು ಇರುವುದಿಲ್ಲ: ಇಂಥ ಮಾತುಗಳನ್ನು ಎಷ್ಟು ದೊಡ್ಡದಾಗಿ ಸಾರಿದರೂ ಸಾಲದು. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನಂತೆ ಸೇವೆ ಹೇಗಿರಬೇಕೆಂಬ ಮಟ್ಟವನ್ನು ಆಯೋಗ ಗೊತ್ತುಪಡಿಸಬಹುದು. ಆ ಮಟ್ಟವನ್ನು ತಲುಪದ ಕಂಪನಿ ಬಾಧಿತನಿಗೆ ಪರಿಹಾರ ಕೊಡಬೇಕು. ಬಸ್ ನಿಲ್ದಾಣದ ಫಲಕದ ಮೇಲೆ ಈ ಮಾತು ಏಕಿಲ್ಲ? ಅದೇ ಕಾಯಿದೆಯ 64ನೆಯ ಕಲಮಿನಂತೆ, ದರ ನಿಗದಿಗೆ ಅರ್ಜಿ ಹಾಕಿದ ಕಂಪನಿ ಅದರ ಸಾರಾಂಶವನ್ನು ಪ್ರಕಟಿಸಬೇಕು. ಜನರ ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗ ಆಜ್ಞೆ ಮಾಡಬೇಕು. ನಮ್ಮ ಕಂಪನಿಯ ಅಂಥ ಪ್ರಕಟಣೆಯನ್ನು ನಾನು ಕಂಡದ್ದು ಅಡುಗೆಮನೆಯ ಗೂಡಿಗೆ ಹಾಸಿದ್ದ ಹಳೆಯ ಪತ್ರಿಕೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಗಡುವು ಮುಗಿಯಲು ಇನ್ನೂ ಮೂರು ದಿನ ಉಳಿದಿದ್ದವು. ನನ್ನನ್ನು ಪ್ರಜೆಯೆಂದು ಬಗೆದು ಆ ಕಂಪನಿ ಆಡಿದ ಒಂದೇ ಮಾತು ಅದು, ಅದನ್ನು ಪಿಸುಗುಟ್ಟಿತ್ತು.

ಕನ್ನಡಕ ಹಾಕಿಕೊಂಡು ಕುಳಿತು ಆಕ್ಷೇಪಣೆ ಬರೆದೆ. ಕೇಳಿದ್ದು ಎರಡೇ: ಖಾಲಿಯಿರುವ ಜಾಗಕ್ಕೆ ಒಬ್ಬ ಲೈನ್‌ಮನ್ ಬೇಕು, ದೂರಿನ ಫೋನಿನಲ್ಲಿ ರಾತ್ರಿ ಒಬ್ಬ ಮನುಷ್ಯನ ಧ್ವನಿ ಬೇಕು. ಅದಕ್ಕೆ ಹಣ ಸಾಲದೆ ಬಂದರೆ ಫಲಕವನ್ನು ಇಳಿಸಬಹುದೆಂದೂ ಸೂಚಿಸಿದೆ. ಓದಿ ಹೇಳಿದಾಗ ಅಕ್ಕ, "ಇಷ್ಟು ಮೃದುವಾಗಿ ಬರೆದರೆ ಯಾರು ಕೇಳುತ್ತಾರೋ?" ಎಂದಳು. ಆದರೂ ತನ್ನ ಸಹಿಯನ್ನೂ ಹಾಕಿದಳು. ನೀವೂ ಆ ಸಣ್ಣ ಅಕ್ಷರಗಳನ್ನು ಒಮ್ಮೆ ಹುಡುಕಿ ಓದಿ ಎಂಬುದಷ್ಟೇ ನನ್ನ ಕೋರಿಕೆ.

ನಮ್ಮೂರ ಅಂಬಿಗ ಎಂದೂ ಕೂಗಿದವನಲ್ಲ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಹೊಳೆ ಏರಿದ ದಿನಗಳಲ್ಲಿ ಅವನು ದಡದ ಬಂಡೆಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ: "ಇವತ್ತು ಬರಬೇಡಿ, ನಡುವೆ ಸುಳಿ ಇದೆ!"