ವ್ಯಸನದಿಂದ ಯುವಜನರ ರಕ್ಷಣೆ: ಊರಿನ ಹೊಣೆ



ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳ ನಿಮ್ಮಲ್ಲಿ ಹಲವರಿಗೆ ಸಂಗೀತದ ಊರೆಂದು ಗೊತ್ತು. ಸವಾಯಿ ಗಂಧರ್ವರು ಇಲ್ಲಿ ನೆಲೆಸಿ ಶಿಷ್ಯರಿಗೆ ವಿದ್ಯೆ ಹೇಳಿಕೊಟ್ಟರು. ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಗುರುಗಳ ಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಆ ಊರಿನ ಸುತ್ತ ಇರುವುದು ಎರೆಭೂಮಿ. ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುವ ಹಳ್ಳಿಗಳು. ಅಂಥ ಒಂದು ಹಳ್ಳಿಯ ಶಾಲೆಯಲ್ಲಿ ಓದಿದವನು ನಾನು. ಆದರೆ ಇಂದು ನಾನು ಹೇಳಬೇಕೆಂದಿರುವುದು ಸಂಗೀತದ ವಿಷಯವಲ್ಲ, ನನ್ನ ಸಹಪಾಠಿಯೊಬ್ಬನ ವಿಷಯ.

ಅವನು ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. 1995ರ ಸುಮಾರಿಗೆ ನಮ್ಮ ಕಡೆ ಸಾರಾಯಿ ಪ್ಯಾಕೆಟ್ಟಿನಲ್ಲಿ ಮಾರಾಟವಾಗುತ್ತಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ದೊಡ್ಡ ಹುಡುಗರು ಅವನ ಕೈಗೆ ಒಂದು ಪ್ಯಾಕೆಟ್ ಕೊಟ್ಟು, "ಒಂದ್ ಗುಟುಕು ಕುಡದ್ರ ಏನಾಗ್ತದಲೇ?" ಎಂದರು. ಏನೂ ಆಗಲಿಲ್ಲ. ಆ ದಿನ ಏನೂ ಆಗಲಿಲ್ಲ ಎಂಬುದೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಪಿಯುಸಿ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಅವನು ಬೆಳಗಿನ ಬಸ್ಸು ಹತ್ತುವ ಮುಂಚೆಯೇ ಕುಡಿಯುತ್ತಿದ್ದ. ಚಹಾದ ಅಂಗಡಿಯವನಿಗೆ ಇದು ಗೊತ್ತಿತ್ತು, ಬಸ್ ಕಂಡಕ್ಟರಿಗೆ ಗೊತ್ತಿತ್ತು, ಅವನ ಸೋದರಮಾವನಿಗೂ ಗೊತ್ತಿತ್ತು. "ಮಂದಿ ಮನಿ ಉಸಾಬರಿ ನಮಗ್ಯಾಕ?" ಎಂದು ಎಲ್ಲರೂ ಸುಮ್ಮನಿದ್ದರು. ಕಡೆಗೆ ತಿಳಿದದ್ದು ತಂದೆಗೆ. ನನಗಂತೂ ಮೊದಲ ದಿನದಿಂದಲೇ ಗೊತ್ತಿತ್ತು. ಮುಚ್ಚಿಡುವುದೇ ಗೆಳೆತನ ಎಂದು ನಾನು ತಿಳಿದಿದ್ದೆ. 2011ರಲ್ಲಿ, 31ನೆಯ ವಯಸ್ಸಿನಲ್ಲಿ, ಯಕೃತ್ತಿನ ಕಾಯಿಲೆಯಿಂದ ಅವನು ತೀರಿಕೊಂಡ.

ಕುಡಿತವನ್ನು ಮನಸ್ಸಿನ ದೌರ್ಬಲ್ಯ, ಕೆಟ್ಟ ಸಹವಾಸ ಎಂದಷ್ಟೇ ನಾವು ಅಂದುಕೊಂಡಿದ್ದೆವು. ವಿಜ್ಞಾನ ಹೇಳುವುದು ಬೇರೆ. ಊಟ, ಆಟ, ಸಂಗೀತ, ಮೆಚ್ಚುಗೆಯ ಮಾತು ಇವು ನಮಗೆ ಹಿತವೆನಿಸುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡುತ್ತದೆ. ಮದ್ಯ, ಗಾಂಜಾ, ನಿಕೋಟಿನ್ ಇವೂ ಅದೇ ವ್ಯವಸ್ಥೆಯನ್ನು ಕೆರಳಿಸುತ್ತವೆ. ಪದೇಪದೇ ಹೀಗಾದಾಗ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲಿನಷ್ಟೇ ಹಿತಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ, ಸಾಮಾನ್ಯ ಸಂತೋಷಗಳು ಸಪ್ಪೆಯಾಗುತ್ತವೆ. ಹಿಂದುಮುಂದು ಯೋಚಿಸಿ ಸಾಕು ಎನ್ನುವ ಮೆದುಳಿನ ಮುಂಭಾಗವಾದರೋ ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹದಿನಾರರ ಹುಡುಗ ನಲವತ್ತರ ಮನುಷ್ಯನಿಗಿಂತ ಬೇಗ ಬಲೆಗೆ ಬೀಳುವುದಕ್ಕೆ ಇದೊಂದು ಮುಖ್ಯ ಕಾರಣ. ಆದ್ದರಿಂದ ವ್ಯಸನವು ಚಿಕಿತ್ಸೆ ಬೇಕಾದ ಒಂದು ಕಾಯಿಲೆ. ಬೈಗುಳದಿಂದ ಅದು ವಾಸಿಯಾಗುವುದಿಲ್ಲ.

ಆ ಚಿಕಿತ್ಸೆ ಎಷ್ಟು ಜನರಿಗೆ ಸಿಗುತ್ತಿದೆ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯಪಾನ ಮಾಡುತ್ತಾರೆ. ಅದರಿಂದಾದ ತೊಂದರೆಗೆ ನೆರವು ಬೇಕಾದವರು ಐದೂವರೆ ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಉಳಿದ 37 ಜನ ಎಲ್ಲಿದ್ದಾರೆ? ಅವರು ನಮ್ಮ ಓಣಿಯಲ್ಲಿದ್ದಾರೆ. ಆದ್ದರಿಂದ ಓಣಿಯೇ ಎಚ್ಚೆತ್ತುಕೊಳ್ಳಬೇಕು.

ಹೀಗೆ ಎಚ್ಚೆತ್ತುಕೊಂಡ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದರು. ಅವರು ಬೇಡಿದ್ದು ಜೋಳವನ್ನೂ ಅಲ್ಲ, ಹಣವನ್ನೂ ಅಲ್ಲ. "ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ" ಎಂದು ಅವರು ಬೇಡಿದರು. ಜನ ಬೀಡಿ, ಗುಟ್ಕಾ, ಬಾಟಲಿಗಳನ್ನು ಹಾಕಿ ಮಾತು ಕೊಟ್ಟರು. ಇದೇ 'ಮಹಾಂತ ಜೋಳಿಗೆ'. ಇದರಲ್ಲಿ ಒಂದು ದೊಡ್ಡ ತಿಳಿವಳಿಕೆಯಿದೆ. ಮನಸ್ಸಿನೊಳಗೇ ಮಾಡಿಕೊಂಡ ನಿರ್ಧಾರ ಸಂಜೆಯ ಹೊತ್ತಿಗೆ ಕರಗಬಹುದು. ಹತ್ತು ಜನರೆದುರು ಕೊಟ್ಟ ಮಾತಿಗೆ ಆ ಹತ್ತು ಜನರೂ ಕಾವಲಾಗುತ್ತಾರೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ 'ವ್ಯಸನಮುಕ್ತ ದಿನ'ವಾಗಿ ಆಚರಿಸುತ್ತದೆ.

ಇನ್ನೊಂದು ಉದಾಹರಣೆ ಮದ್ಯವರ್ಜನ ಶಿಬಿರಗಳದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ರಾಜ್ಯದಾದ್ಯಂತ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ. ಊರಿನ ಸಭಾಭವನವೋ ಕಲ್ಯಾಣ ಮಂಟಪವೋ ಎಂಟು ದಿನ ಆಸ್ಪತ್ರೆಯೂ ಆಗುತ್ತದೆ, ಮನೆಯೂ ಆಗುತ್ತದೆ. ವ್ಯವಸ್ಥೆಗೆ ಊರಿನವರದೇ ಸಮಿತಿ. ಶಿಬಿರ ಮುಗಿದ ಮೇಲೆ, ಕುಡಿತ ಬಿಟ್ಟವರೆಲ್ಲ 'ನವಜೀವನ ಸಮಿತಿ' ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಅಸಲು ಕೆಲಸ ಇಲ್ಲಿಂದ ಆರಂಭ. ಬಿಡುವುದು ಎಂಟು ದಿನದ ಮಾತು. ಬಿಟ್ಟ ಮೇಲೆ ಬಿಟ್ಟಂತೆಯೇ ಇರುವುದು ವರ್ಷಗಳ ಮಾತು.

ಕಾನೂನೂ ಬೇಕು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂತು. ನನ್ನ ಗೆಳೆಯನೂ ಹಾಗೆಯೇ ಪ್ಯಾಕೆಟ್ ಬಿಟ್ಟು ಬಾಟಲಿ ಹಿಡಿದ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಿಸಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಅಂಗಡಿ ಮುಚ್ಚುವುದು ಒಂದು ಕೆಲಸವಾದರೆ, ಆ ಅಂಗಡಿಯ ಕಡೆ ಹೊರಟ ಹುಡುಗನನ್ನು ಬೇರೆ ಕಡೆಗೆ ಕರೆಯುವುದು ಇನ್ನೊಂದು ಕೆಲಸ. ಎರಡೂ ಆಗಬೇಕು.

ಎರಡನೆಯ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದ ಒಂದು ಪುಟ್ಟ ದೇಶ ಐಸ್‌ಲ್ಯಾಂಡ್. 1998ರಲ್ಲಿ ಅಲ್ಲಿನ 15-16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 42ರಷ್ಟು ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದುದಾಗಿ ಹೇಳಿದ್ದರು. 2016ರಲ್ಲಿ ಈ ಪ್ರಮಾಣ ಶೇಕಡಾ 5ಕ್ಕೆ ಇಳಿದಿತ್ತು. ಅವರು ಮಾಡಿದ್ದೇನು? ಮಕ್ಕಳಿಗೆ ಆಟ, ಸಂಗೀತ, ನೃತ್ಯ ಕಲಿಯಲು ಅನುಕೂಲ ಮಾಡಿಕೊಟ್ಟರು. ರಾತ್ರಿ ಹೊತ್ತಾದ ಮೇಲೆ ಮಕ್ಕಳು ಹೊರಗೆ ತಿರುಗದಂತೆ ನಿಯಮ ಮಾಡಿದರು. ತಂದೆತಾಯಂದಿರು ಗುಂಪಾಗಿ ಬೀದಿಗಳಲ್ಲಿ ನಡೆದಾಡಿ ಎಲ್ಲ ಮಕ್ಕಳ ಮೇಲೂ ಕಣ್ಣಿಟ್ಟರು. ಇದು ನಮಗೆ ಹೊಸದೇನಲ್ಲ. ಗರಡಿಮನೆ, ಭಜನಾ ಮಂಡಳಿ, ದೊಡ್ಡಾಟದ ತಾಲೀಮು, ಕಬಡ್ಡಿ ತಂಡ ಇವೆಲ್ಲ ನಮ್ಮ ಹಳ್ಳಿಯ ಹುಡುಗರ ಸಂಜೆಯನ್ನು ತುಂಬುತ್ತಿದ್ದವು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಒಂದೂರಿನ ಜನ ರಾತ್ರಿಯಿಡೀ ಒಟ್ಟಿಗೆ ಎಚ್ಚರವಿರಲು ಬೇರೆ ಅಮಲು ಬೇಕಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ಇನ್ನು, ನೀವು ಮಾಡಬಹುದಾದದ್ದೇನು? ಮೊದಲನೆಯದಾಗಿ, 'ಒಲ್ಲೆ' ಎನ್ನುವುದನ್ನು ಕಲಿಯಿರಿ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಎರಡನೆಯದಾಗಿ, ಗೆಳೆಯನಲ್ಲಿ ಬದಲಾವಣೆ ಕಂಡರೆ, ಅಂದರೆ ತರಗತಿ ತಪ್ಪಿಸುವುದು, ಪದೇಪದೇ ಸಾಲ ಕೇಳುವುದು, ಹಳೆಯ ಗೆಳೆಯರಿಂದ ದೂರ ಸರಿಯುವುದು ಕಂಡರೆ, ಅವನು ಎಚ್ಚರದಲ್ಲಿದ್ದಾಗ ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿರಿ. ಹೀಯಾಳಿಸಬೇಡಿ. ಮೂರನೆಯದಾಗಿ, ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿರಿ. ಇದು ಚಾಡಿಯಲ್ಲ. ಬಾವಿಗೆ ಬಿದ್ದವನನ್ನು ಕಂಡು ಕೂಗುವುದು ಚಾಡಿಯಾಗುತ್ತದೆಯೇ?

ನಾಲ್ಕನೆಯ ಮಾತು ಬಹಳ ಮುಖ್ಯ. ವರ್ಷಗಟ್ಟಲೆ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿ ಹಾಕುವುದು ಚಿಕಿತ್ಸೆಯಲ್ಲ. ವೈದ್ಯರ ನಿಗಾ ಬೇಕೇಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. 14416 ಮಾನಸಿಕ ಆರೋಗ್ಯದ ಟೆಲಿ-ಮಾನಸ್. ಮಕ್ಕಳಿಗಾಗಿ 1098 ಇದೆ. ಪೊಲೀಸರ ಭಯದಿಂದ ಚಿಕಿತ್ಸೆ ತಪ್ಪಿಸಿಕೊಳ್ಳಬೇಕಾಗಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿಯೇ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸ್ವಂತ ಬಳಕೆಯ ಅಪರಾಧದಲ್ಲಿ ರಕ್ಷಣೆ ಇದೆ. ಇತ್ತ, ಮಕ್ಕಳ ಕೈಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆಯಾಗಬಹುದು.

ಕೊನೆಯದಾಗಿ, ಚಟ ಬಿಟ್ಟು ಬಂದವನನ್ನು ಹಳೆಯ ಹೆಸರಿನಿಂದ ಕರೆಯಬೇಡಿ. ನನ್ನ ಗೆಳೆಯ ಒಮ್ಮೆ ನಾಲ್ಕು ತಿಂಗಳು ಕುಡಿತ ಬಿಟ್ಟಿದ್ದ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ, "ಬಂದ ನೋಡ್ರೀ ಕುಡುಕ" ಎಂದರು. ನಾನೂ ಅಲ್ಲಿದ್ದೆ. ಅವನು ಅರ್ಧ ಊಟದಲ್ಲೇ ಎದ್ದು ಹೋದ. ಅಂದೇ ಮತ್ತೆ ಕುಡಿದ. "ಕೂಡಪಾ, ಊಟ ಮುಗಿಸಿ ಇಬ್ಬರೂ ಹೋಗೋಣು" ಎಂದು ನಾನು ಕೈಹಿಡಿದು ಕೂರಿಸಬಹುದಿತ್ತು. ಕೂರಿಸಲಿಲ್ಲ. ಮಿತ್ರರೇ, ನಿಮ್ಮ ಪಕ್ಕದಲ್ಲಿ ಅಂಥವನೊಬ್ಬ ಕುಳಿತಿದ್ದರೆ, ಅವನ ಕೈ ಹಿಡಿಯಿರಿ.