ಫೋಟೋ ಬಾಕಿ: ಹೆಜ್ಜಾರ್ಲೆ ನೋಡೋಕೆ ಹೋಗಿ ಪಾಸ್‌ಪೋರ್ಟ್ ಸೈಜ್ ತೆಗೆದ ಕಥೆ

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರ್ಲಿ ಅಂತ ಹಾಕ್ಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಗೆಸ್ಟ್ ಯಾರೂ ಇಲ್ಲ. ನಾನೊಬ್ಬನೇ ಮಾತಾಡ್ತೀನಿ. ಯಾಕಂದ್ರೆ ನನ್ನ ಬ್ಯಾಗಿನಲ್ಲಿ ಒಂದು ಫೋಟೋ ಇದೆ. ಆರು ಇಂಚು ಉದ್ದ, ನಾಲ್ಕು ಇಂಚು ಅಗಲ. ಎರಡು ತಿಂಗಳಿಂದ ಅಲ್ಲೇ ಇದೆ. ಅದರ ವಾರಸುದಾರರು ಸಿಗ್ತಾ ಇಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ. ಮೊದಲು ಒಂದು ಭಾನುವಾರದ ಕಥೆ ಕೇಳಿ.

ನಾವು ನಾಲ್ಕು ಜನ. ಬಿ.ಕಾಂ. ಕ್ಲಾಸ್‌ನಲ್ಲಿ ಒಂದೇ ಬೆಂಚು. ಹೆಸರು ಹೇಳಿದ್ರೆ ಜಗಳಕ್ಕೆ ಬರ್ತಾರೆ, ಅದಕ್ಕೆ ಅಡ್ಡಹೆಸರಲ್ಲೇ ಹೇಳ್ತೀನಿ. ಒಬ್ಬ ಲೆನ್ಸ್. ಸಂಬಳಕ್ಕಿಂತ ಕ್ಯಾಮೆರಾ ಇಎಂಐ ಜಾಸ್ತಿ ಅನ್ನೋ ಮನುಷ್ಯ. ಇನ್ನೊಬ್ಬ ಮ್ಯಾಪ್. ದಾರಿ ತೋರಿಸೋದು ಅವನ ಕೆಲಸ, ದಾರಿ ತಪ್ಪಿಸೋದು ಅವನ ಹವ್ಯಾಸ. ಮೂರನೆಯವಳು ಮೇಡಂ, ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡ್ತಾಳೆ. ನಾನು ಟ್ಯಾಲಿ. ಹಗಲು ಹೊತ್ತು ಆಡಿಟರ್ ಆಫೀಸಿನಲ್ಲಿ ಬೇರೆಯವರ ಲೆಕ್ಕ ನೋಡೋದು, ರಾತ್ರಿ ನಿಮ್ಮ ಕಿವಿ ತಿನ್ನೋದು.

ತಿಂಗಳಿಗೊಂದು ಭಾನುವಾರ ಫೋಟೋ ತೆಗೆಯೋಕೆ ಹೋಗ್ಬೇಕು ಅನ್ನೋದು ನಮ್ಮ ರೂಲ್. ಈ ಸಲ ಫೆಬ್ರವರಿಯಲ್ಲಿ ಕೊಕ್ಕರೆಬೆಳ್ಳೂರು ಅಂತ ಲೆನ್ಸ್ ಫಿಕ್ಸ್ ಮಾಡಿದ್ದ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಅದು. ಪಕ್ಷಿಧಾಮ ಅಂದ್ರೆ ಕೆರೆ, ದ್ವೀಪ, ದೋಣಿ ಅಂತೆಲ್ಲ ಇರುತ್ತಲ್ಲ, ಇಲ್ಲಿ ಅದ್ಯಾವುದೂ ಇಲ್ಲ. ಊರೊಳಗೆ, ಮನೆ ಪಕ್ಕದ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹೆಜ್ಜಾರ್ಲೆ ಅಂದ್ರೆ ಪೆಲಿಕನ್. ಕೊಕ್ಕಿನ ಕೆಳಗೆ ಚೀಲ ಇರುತ್ತಲ್ಲ, ಅದೇ. ಅಮ್ಮನ ಗಂಟಲೊಳಗೆ ಮರಿ ತಲೆ ತೂರಿಸಿ ಮೀನು ತಿನ್ನೋದು ಲೆನ್ಸ್‌ಗೆ ಬೇಕಾಗಿತ್ತು. ಯಾವುದೋ ಸ್ಪರ್ಧೆಗೆ ಕಳಿಸ್ಬೇಕಿತ್ತಂತೆ. ಬೆಳಗಿನ ಎಳೆ ಬಿಸಿಲಲ್ಲೇ ತೆಗೀಬೇಕು, ಏಳು ಗಂಟೆಗೆ ಅಲ್ಲಿರ್ಬೇಕು ಅಂತ ವಾರವಿಡೀ ಮೆಸೇಜ್ ಹಾಕಿದ್ದ.

ಏಳು ಗಂಟೆಗೆ ನಾವು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂತಾ ಇದ್ವಿ. ಮ್ಯಾಪ್ ಅಲಾರಂ ಆಫ್ ಮಾಡಿ ಮಲಗಿಬಿಟ್ಟಿದ್ದ.

ಇನ್ನೊಂದು ವಿಷಯ. ನಮ್ಮದು ಎರಡು ಬೈಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶ ಇಲ್ಲ. ಸರ್ವಿಸ್ ರೋಡು, ಹಳೇ ರೋಡೇ ಗತಿ. ಕಾರಿನವರು ರಾಮನಗರ, ಚನ್ನಪಟ್ಟಣದ ಮುಖವನ್ನೂ ನೋಡದೆ ಬೈಪಾಸ್‌ನಲ್ಲಿ ಹಾರಿ ಹೋಗ್ತಾರೆ. ನಾವು ಊರೊಳಗೇ ಹೋಗ್ಬೇಕು. ಪ್ರತಿ ಹಂಪ್ ಹತ್ತಿ ಇಳೀಬೇಕು. ಲೆನ್ಸ್ ಶಾಪ ಹಾಕ್ತಾನೇ ಬಂದ. ಈಗ ಯೋಚನೆ ಮಾಡಿದ್ರೆ ಅನ್ಸುತ್ತೆ, ಅವತ್ತು ಕಾರಿದ್ದಿದ್ರೆ ಈ ಎಪಿಸೋಡೇ ಇರ್ತಿರಲಿಲ್ಲ.

ಎಂಟು ಗಂಟೆಗೆ ಚನ್ನಪಟ್ಟಣ. ಹೈವೇ ಅಂದ್ರೆ ಈ ರಸ್ತೆಯೇ ಆಗಿದ್ದ ಕಾಲದಲ್ಲಿ ಮೈಸೂರಿಗೆ ಹೋಗೋ ಪ್ರತಿ ಕಾರೂ ಇಲ್ಲಿನ ಬೊಂಬೆ ಅಂಗಡಿ ಮುಂದೆ ನಿಲ್ತಿತ್ತು. ನಮ್ಮಪ್ಪ ನನಗೆ ಮರದ ಕುದುರೆ ಕೊಡಿಸಿದ್ದೂ ಹಾಗೇ. ಈಗ ರಸ್ತೆ ಖಾಲಿ. ಟೀ ಕುಡಿಯೋಕೆ ನಿಂತಾಗ ಪಕ್ಕದ ಓಣಿಯಿಂದ ಜುಂಯ್ ಅಂತ ಒಂದು ಸದ್ದು ಕೇಳಿಸ್ತು. ಮೇಡಂ ಗ್ಲಾಸ್ ಹಿಡ್ಕೊಂಡೇ ಆ ಕಡೆ ನಡೆದ್ಲು. ಹಿಂದೆ ನಾವು.

ಚಿಕ್ಕ ಕೋಣೆ. ಒಂದು ಲೇತ್ ಮೆಷಿನ್, ಅದರ ಮುಂದೆ ಅರವತ್ತು ದಾಟಿದ ಯಜಮಾನ್ರು. ಹಾಲೆ ಮರದ ತುಂಡು ಗರಗರ ತಿರುಗ್ತಾ ಇದೆ. ಉಳಿ ಇಟ್ರೆ ಬೆಳ್ಳಗೆ ರಿಬ್ಬನ್ ಥರ ಸಿಪ್ಪೆ ಹಾರ್ತಿದೆ. ಆಮೇಲೆ ಕೆಂಪು ಅರಗಿನ ಕಡ್ಡಿ ತಗೊಂಡು ತಿರುಗೋ ಮರಕ್ಕೆ ಒತ್ತಿದ್ರು. ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಬ್ರಷ್ ಇಲ್ಲ, ಡಬ್ಬದ ಬಣ್ಣ ಇಲ್ಲ. ಮೇಲೊಂದು ಒಣಗಿದ ಗರಿ ತಗೊಂಡು ಉಜ್ಜಿದ್ರೆ ಕನ್ನಡಿ ಥರ ಹೊಳಪು. ಎರಡೇ ನಿಮಿಷಕ್ಕೆ ಒಂದು ಬುಗುರಿ ರೆಡಿ. ಈ ಬೊಂಬೆಗಳಿಗೆ ಜಿಐ ಟ್ಯಾಗ್ ಇದೆ ಅಂತ ಕ್ವಿಜ್‌ಗೆ ಓದಿದ್ದೆ. ಹೀಗೆ ಆಗುತ್ತೆ ಅಂತ ನೋಡಿದ್ದು ಅವತ್ತೇ.

ಲೆನ್ಸ್ ಮಂಡಿಯೂರಿ ಕೂತ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳ್ತಿತ್ತು. ಕೈಬೆರಳಿಗೆ ಅಂಟಿದ ಕೆಂಪು ಬಣ್ಣ, ಗಾಳಿಯಲ್ಲಿ ಮರದ ಧೂಳು. ಕ್ಲಿಕ್, ಕ್ಲಿಕ್, ಕ್ಲಿಕ್. ನಾನೂ ಫೋನ್ ತೆಗೆದು ರೀಲ್ಸ್‌ಗೆ ಅಂತ ವಿಡಿಯೋ ಮಾಡ್ಕೊಂಡೆ. ಒಂದು ಹತ್ತು ನಿಮಿಷ ಆಗಿರ್ಬೇಕು. ಯಜಮಾನ್ರು ಮೆಷಿನ್ ನಿಲ್ಲಿಸಿ ಕೇಳಿದ್ರು.

"ಕೈ ಮಾತ್ರ ಸಾಕೇನಪ್ಪಾ? ಮುಖ ಬೇಡ್ವಾ?"

ನಾವು ನಗೋದಾ ಬೇಡ್ವಾ ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

"ಬರೋರೆಲ್ಲ ಕೈನೇ ತೆಗೀತಾರೆ. ಫಾರಿನ್‌ನೋರೂ ಬರ್ತಾರೆ, ಅವರೂ ಕೈನೇ. ನಂದು ಒಂದು ಮುಖದ ಫೋಟೋ ಬೇಕಾಗಿತ್ತು, ಪಾಸ್‌ಪೋರ್ಟ್ ಸೈಜು. ಆಗುತ್ತಾ ನಿಮ್ಮ ಕ್ಯಾಮೆರಾದಲ್ಲಿ?"

ವಿಷಯ ಏನಂದ್ರೆ, ಕುಶಲಕರ್ಮಿಗಳಿಗೆ ಗುರುತಿನ ಚೀಟಿ ಅಂತ ಇರುತ್ತೆ. ಅದಕ್ಕೆ ಅವರು ಅರ್ಜಿ ಕೊಟ್ಟಿದ್ರು. ಮಗಳ ಮದುವೆ ಆಲ್ಬಮ್‌ನಿಂದ ಒಂದು ಫೋಟೋ ಕತ್ತರಿಸಿ ಅಂಟಿಸಿದ್ದಾರೆ. ಅದು ಹದಿನೈದು ವರ್ಷದ ಹಿಂದಿನದು, ಕಪ್ಪು ಗಡ್ಡ. "ಈ ಫೋಟೋದಲ್ಲಿರೋರು ನೀವಲ್ಲ" ಅಂತ ಅರ್ಜಿ ವಾಪಸ್. "ನಾನೇ ಅಂತ ನಾನೇ ಹೇಳಿದ್ರೂ ಕೇಳ್ಲಿಲ್ಲ" ಅಂತ ನಕ್ಕರು. ಸ್ಟುಡಿಯೋಗೆ ಹೋಗೋಣ ಅಂದ್ರೆ ಆರ್ಡರ್ ಮುಗೀಬೇಕು. ಈಗೀಗ ಬರೋದೇ ಅಪರೂಪದ ಆರ್ಡರ್, ಅದನ್ನ ಬಿಟ್ಟು ಎದ್ದು ಹೋಗೋಕಾಗಲ್ಲ.

ಲೆನ್ಸ್ ಗಡಿಯಾರ ನೋಡಿದ. ನನ್ನನ್ನ ಹೊರಗೆ ಎಳ್ಕೊಂಡು ಹೋಗಿ ಮೆಲ್ಲಗೆ ಬೈದ. "ನಾವು ಹಕ್ಕಿ ಫೋಟೋ ತೆಗೆಯೋಕೆ ಬಂದಿರೋದಾ, ಆಧಾರ್ ಸೆಂಟರ್ ಇಡೋಕಾ? ಬಿಸಿಲು ಏರ್ತಿದೆ ಕಣೋ. ವಾಪಸ್ ಬರ್ತಾ ತೆಗೆದ್ರಾಯ್ತು."

ಮೇಡಂ ಬಾಗಿಲಲ್ಲೇ ನಿಂತಿದ್ಲು. ಒಂದೇ ಮಾತು ಹೇಳಿದ್ಲು. "ಕೆ.ಆರ್. ಮಾರ್ಕೆಟ್ಟಲ್ಲೂ ಆಮೇಲೆ ಅಂತಾನೇ ಹೇಳಿದ್ದು ನಾವು."

ಲೆನ್ಸ್ ಸುಮ್ಮನಾದ. ನಾನೂ.

ಮೇಡಂ ಬಿಳಿ ವೇಲ್ ತೆಗೆದು ನಾನೊಂದು ತುದಿ, ಮ್ಯಾಪ್ ಒಂದು ತುದಿ ಹಿಡ್ಕೊಂಡ್ವಿ. ಬ್ಯಾಕ್‌ಗ್ರೌಂಡ್ ಸಿದ್ಧ. ಯಜಮಾನ್ರು ಒದ್ದೆ ಬಟ್ಟೆಯಲ್ಲಿ ಗಡ್ಡದ ಧೂಳು ಒರೆಸ್ಕೊಂಡ್ರು. ಮೊಳೆಗೆ ನೇತು ಹಾಕಿದ್ದ ಶರ್ಟ್ ಹಾಕಿ ಕತ್ತಿನ ಗುಂಡಿಯವರೆಗೂ ಹಾಕ್ಕೊಂಡ್ರು. ಇಷ್ಟು ಹೊತ್ತು ಲೇತ್ ಮುಂದೆ ರಾಜನ ಥರ ಕೂತಿದ್ದ ಮನುಷ್ಯ ಕ್ಯಾಮೆರಾ ಮುಂದೆ ಸ್ಕೂಲ್ ಹುಡುಗನ ಥರ ಸೆಟೆದು ನಿಂತುಬಿಟ್ರು. ಮೊದಲನೇದರಲ್ಲಿ ಕಣ್ಣು ಮುಚ್ಚಿದ್ರು. ಎರಡನೇದರಲ್ಲಿ ಮ್ಯಾಪ್ ಕೈ ಜಾರಿ ವೇಲ್ ಕೆಳಗೆ ಬಂತು. ಹೀಗೇ ಹದಿನಾರು ಫೋಟೋ. ಕೊನೆಗೊಂದು ಸರಿಯಾಗಿ ಬಂತು. ಸಂಜೆ ಪ್ರಿಂಟ್ ತಂದು ಕೊಡ್ತೀವಿ ಅಂದ್ವಿ. ಅವರು "ಆಯ್ತು" ಅಂದ್ರು. ನಂಬಿದ ಹಾಗೇನೂ ಕಾಣಲಿಲ್ಲ. ಎಷ್ಟು ಜನ ಹಾಗೆ ಹೇಳಿ ಹೋಗಿದ್ದಾರೋ.

ಅಲ್ಲಿಂದ ಮುಂದೆ ಬಂದು, ರುದ್ರಾಕ್ಷಿಪುರದ ಹತ್ತಿರ ತಿರುಗಿ ಕೊಕ್ಕರೆಬೆಳ್ಳೂರು ಮುಟ್ಟಿದಾಗ ಹತ್ತೂವರೆ. ಸುಡುಬಿಸಿಲು, ಆಕಾಶವೆಲ್ಲ ಬಿಳಿಚಿಕೊಂಡಿದೆ. ಹಕ್ಕಿಗಳೇನೋ ಬೇಕಾದಷ್ಟಿದ್ವು. ಪ್ರತಿ ಮರದಲ್ಲೂ ಗೂಡು, ರೆಕ್ಕೆ ಬಡಿಯೋ ಸದ್ದು, ಮೀನಿನ ವಾಸನೆ. ಮ್ಯಾಪ್ ಹೆಲ್ಮೆಟ್ ಮೇಲೆ ಎರಡು ಸಲ ಆಶೀರ್ವಾದವೂ ಆಯ್ತು. ಆದ್ರೆ ಫೋಟೋದಲ್ಲಿ ಎಲ್ಲವೂ ಕಪ್ಪು ನೆರಳು. ಲೆನ್ಸ್ ಮುಖ ಊದಿಸ್ಕೊಂಡು ಮರದಿಂದ ಮರಕ್ಕೆ ಓಡಾಡ್ತಿದ್ದ.

ನಾನು ಒಂದು ಜಗಲಿ ಮೇಲೆ ಕೂತೆ. ಅಜ್ಜಿಯೊಬ್ಬರು ನೀರು ಕೊಟ್ರು. ಮನೆ ಪಕ್ಕದ ಹುಣಸೆ ಮರದಲ್ಲಿ ಕಾಯಿ ಜೋತಾಡ್ತಾ ಇತ್ತು. ನನಗೆ ಲೆಕ್ಕದ ಬುದ್ಧಿ ನೋಡಿ, ಕೇಳೇಬಿಟ್ಟೆ. "ಅಜ್ಜಿ, ಹಕ್ಕಿ ಇರೋವಾಗ ಹುಣಸೆಹಣ್ಣು ಹೆಂಗೆ ಬಡೀತೀರಾ? ಲಾಸ್ ಆಗಲ್ವಾ?"

"ಬಾಣಂತಿ ಇರೋ ಮನೇಲಿ ಯಾರಾದ್ರೂ ದೊಣ್ಣೆ ತಗೊಂಡು ಗಲಾಟೆ ಮಾಡ್ತಾರೇನಪ್ಪ?" ಅಂದ್ರು. ಹೆರಿಗೆಗೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತಲೇ ಈ ಊರಿನವರು ಹಕ್ಕಿಗಳನ್ನ ಹೇಳೋದು.

2007ರಲ್ಲಿ ಈ ಊರನ್ನ ಸರ್ಕಾರ ಸಮುದಾಯ ಮೀಸಲು ಅಂತ ಘೋಷಿಸಿದೆ. ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಅಂತ ಒಂದಿಷ್ಟು ದುಡ್ಡೂ ಇದೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತೆ. ಗೂಡಿಂದ ಬಿದ್ದ ಮರಿಗಳನ್ನ ಸಾಕಿ ಬಿಡೋಕೆ ಊರಿನ ಹುಡುಗರದ್ದೇ ಹೆಜ್ಜಾರ್ಲೆ ಬಳಗ ಇದೆ. ಆದ್ರೆ ಘೋಷಣೆ, ಪರಿಹಾರ ಎಲ್ಲ ಬರೋಕೆ ಎಷ್ಟೋ ಮುಂಚಿನಿಂದ ಈ ಜನ ಮರ ಕಡಿಯದೆ ಉಳಿಸ್ಕೊಂಡು ಬಂದಿದ್ದಾರೆ. ನಾವು ನೋಡಿದ್ರೆ ಬೆಳಗ್ಗೆ ಒಂದು ಪಾಸ್‌ಪೋರ್ಟ್ ಫೋಟೋಗೆ ಟೈಮ್ ಇಲ್ಲ ಅಂತ ಓಣಿಯಲ್ಲಿ ಜಗಳ ಆಡಿದ್ವಿ.

ಮಧ್ಯಾಹ್ನ ಮದ್ದೂರಿಗೆ ಹೋಗಿ ವಡೆ ತಿಂದು, ತೆರೆದಿದ್ದ ಒಂದು ಸ್ಟುಡಿಯೋ ಹುಡುಕಿ, ಒಂದು ಶೀಟಲ್ಲಿ ಎಂಟು ಪ್ರತಿ ಪ್ರಿಂಟ್ ಹಾಕಿಸಿದ್ವಿ. ನಾಲ್ಕು ಗಂಟೆಗೆ ಮತ್ತೆ ಚನ್ನಪಟ್ಟಣ. ನಮ್ಮನ್ನ ನೋಡಿ ಯಜಮಾನ್ರು ಮೆಷಿನ್ ಆಫ್ ಮಾಡಿ ಎದ್ದು ನಿಂತ್ರು. ಬಂದುಬಿಟ್ರಲ್ಲಾ ಅನ್ನೋ ಆಶ್ಚರ್ಯ ಮುಖದಲ್ಲೇ ಇತ್ತು. ಕವರ್ ತೆಗೆದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು.

"ಇಷ್ಟು ವಯಸ್ಸಾಯ್ತಾ ನನಗೆ?"

ನಮಗೆ ಏನು ಹೇಳ್ಬೇಕು ಅಂತ ಗೊತ್ತಾಗಲಿಲ್ಲ. ಆಮೇಲೆ ಅವರೇ "ಈಗ ನಾನೇ ಅಂತ ಒಪ್ತಾರೆ ಬಿಡಿ" ಅಂದ್ರು. ದುಡ್ಡು ಕೊಡೋಕೆ ಬಂದ್ರು. ಬೇಡ ಅಂದ್ವಿ. "ಬಿಟ್ಟಿ ನನಗೂ ಬೇಡ" ಅಂತ ಲೆನ್ಸ್ ಕೈಗೆ ಒಂದು ಕೆಂಪು ಬುಗುರಿ ಇಟ್ರು. ಬೆಳಗ್ಗೆ ನಾವು ನೋಡ್ತಾ ಇರುವಾಗಲೇ ಮಾಡಿದ್ದು.

ಅವತ್ತು ಲೆನ್ಸ್ ಒಟ್ಟು 740 ಫೋಟೋ ತೆಗೆದಿದ್ದ. ಸ್ಪರ್ಧೆಗೆ ಒಂದೂ ಹೋಗಲಿಲ್ಲ. ಕೈ ಫೋಟೋ ಚೆನ್ನಾಗಿ ಬಂದಿತ್ತು. ಈ ಸಲ ಅಂಗಡಿ ಎಲ್ಲಿದೆ ಅಂತ ಅವರನ್ನ ಕೇಳ್ಕೊಂಡೇ ಕೆಳಗೆ ಬರೆದು ಹಾಕಿದ. ಒಂದಿಷ್ಟು ಲೈಕ್ ಬಂತು. ಆದ್ರೆ ಅಷ್ಟರಲ್ಲಿ ಯಾರಿಗೋ ಒಂದು ಉಪಯೋಗಕ್ಕೆ ಬಂದ ಫೋಟೋ ಅಂದ್ರೆ ವೇಲ್ ಮುಂದೆ ತೆಗೆದಿದ್ದು ಮಾತ್ರ. ಅದನ್ನ ಎಲ್ಲೂ ಹಾಕಿಲ್ಲ. ಮೂರು ವಾರದ ಮೇಲೆ ಯಜಮಾನ್ರು ಫೋನ್ ಮಾಡಿದ್ರು, ಅರ್ಜಿ ತಗೊಂಡ್ರಂತೆ. ಚೀಟಿ ಇನ್ನೂ ಬಂದಿಲ್ಲ.

ಸರಿ, ಈಗ ಬ್ಯಾಗಿನ ಫೋಟೋ ವಿಷಯ.

ಎರಡು ವರ್ಷದ ಹಿಂದೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ ಹೂವಿನ ಸಂತೆಗೆ ಹೋಗಿದ್ವಿ. ಬೆಂಗಳೂರಲ್ಲಿ ಕ್ಯಾಮೆರಾ ತಗೊಂಡ ಪ್ರತಿಯೊಬ್ಬರೂ ಒಂದು ಸಲ ಅಲ್ಲಿಗೆ ಹೋಗೇ ಇರ್ತಾರೆ. ಸೇವಂತಿಗೆ ರಾಶಿ ನಡುವೆ ಒಬ್ಬರು ಅಮ್ಮ ಕೂತಿದ್ರು, ನಾನು ಫೋಟೋ ತೆಗೆದೆ. ಚೆನ್ನಾಗಿ ಬಂತು. ನಾನು ಇದುವರೆಗೆ ತೆಗೆದಿದ್ದರಲ್ಲಿ ಅದೇ ಬೆಸ್ಟ್. ಅವರು ಸ್ಕ್ರೀನ್ ನೋಡಿ, "ನನಗೊಂದು ಕಳಿಸು ಮಗಾ, ಊರಲ್ಲಿರೋ ಮೊಮ್ಮಗಳಿಗೆ ತೋರಿಸ್ತೀನಿ" ಅಂತ ಒಂದು ಬಿಲ್ಲಿನ ಹಿಂದೆ ನಂಬರ್ ಬರೆಸಿ ಕೊಟ್ರು. ಆಮೇಲೆ ಕಳಿಸ್ತೀನಮ್ಮ ಅಂದೆ. ಆ ಬಿಲ್ಲು ಜೇಬಲ್ಲೇ ಉಳಿದು ವಾಷಿಂಗ್ ಮೆಷಿನ್‌ಗೆ ಹೋಯ್ತು. ಫೋಟೋ ಮಾತ್ರ ಇನ್‌ಸ್ಟಾಗ್ರಾಂಗೆ ಹೋಯ್ತು. ಸಾವಿರದ ಮೇಲೆ ಲೈಕ್. ಅಷ್ಟು ಜನ ನೋಡಿದ್ರು, ಕೇಳಿದವರೊಬ್ಬರು ನೋಡಲಿಲ್ಲ.

ಚನ್ನಪಟ್ಟಣದಿಂದ ಬಂದ ಮೇಲೆ ಅದನ್ನ ಪ್ರಿಂಟ್ ಹಾಕಿಸಿ ಮಾರ್ಕೆಟ್‌ಗೆ ತಗೊಂಡು ಹೋದೆ. ಆ ಜಾಗದಲ್ಲಿ ಬೇರೆಯವರು ಕೂತಿದ್ದಾರೆ. ಫೋಟೋ ನೋಡಿ ಗುರುತು ಹಿಡಿದ್ರು. "ಊರಿಗೆ ಹೋದ್ರು, ಹುಷಾರಿರಲಿಲ್ಲ" ಅಂದ್ರು. ಯಾವ ಊರು ಅಂತ ಅವರಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಮೂರು ಸಲ ಹೋಗಿದ್ದೀನಿ.

ನಮ್ಮ ಆಡಿಟ್‌ನಲ್ಲಿ ಸಂಡ್ರಿ ಕ್ರೆಡಿಟರ್ಸ್ ಅಂತ ಒಂದು ಪಟ್ಟಿ ಇರುತ್ತೆ. ನಾವು ಯಾರ್ಯಾರಿಗೆ ಎಷ್ಟೆಷ್ಟು ಬಾಕಿ ಕೊಡಬೇಕು ಅನ್ನೋದು. ಎಷ್ಟು ಹಳೇ ಬಾಕಿಯಾದ್ರೂ ಸುಮ್ನೆ ಅಳಿಸೋಕೆ ಬರಲ್ಲ. ಆ ಅಮ್ಮನ ಹೆಸರೂ ನನಗೆ ಗೊತ್ತಿಲ್ಲ, ಆದ್ರೂ ನನ್ನ ಪಟ್ಟಿಯಲ್ಲಿ ಮೊದಲು ಇರೋದು ಅವರೇ.

ಈಗ ನಿಮ್ಮ ಸರದಿ. ಫೋನ್ ಕೈಯಲ್ಲೇ ಇದೆಯಲ್ಲಾ, ಗ್ಯಾಲರಿ ತೆಗೀರಿ. ಹಳೇ ಟ್ರಿಪ್‌ಗಳಿಗೆ ಹೋಗಿ. ಟೀ ಅಂಗಡಿಯವರೋ, ಕುರಿ ಕಾಯೋ ಹುಡುಗನೋ, ಲಿಫ್ಟ್ ಕೊಟ್ಟ ಟ್ರ್ಯಾಕ್ಟರ್ ಅಣ್ಣನೋ, "ಆಮೇಲೆ ಕಳಿಸ್ತೀನಿ" ಅಂತ ಹೇಳಿದ ಒಂದು ಫೋಟೋ ಇದ್ದೇ ಇರುತ್ತೆ. ನಂಬರ್ ಇದ್ರೆ ಈ ಎಪಿಸೋಡ್ ಮುಗಿಯೋಕೆ ಮುಂಚೆ ಕಳಿಸಿಬಿಡಿ. ನಂಬರ್ ಇಲ್ಲ ಅಂದ್ರೆ ಪ್ರಿಂಟ್ ಹಾಕಿಸಿ ಬ್ಯಾಗಲ್ಲಿ ಇಟ್ಕೊಳ್ಳಿ. ಆ ಕಡೆ ಮತ್ತೆ ಹೋಗೇ ಹೋಗ್ತೀರಾ.

ನಾನು ಬರೋ ಶನಿವಾರ ಬೆಳಗ್ಗೆ ಐದಕ್ಕೆ ಮತ್ತೆ ಮಾರ್ಕೆಟ್‌ಗೆ ಹೋಗ್ತಿದ್ದೀನಿ. ಲೆನ್ಸ್ ಬರ್ತೀನಿ ಅಂದಿದ್ದಾನೆ, ಕ್ಯಾಮೆರಾ ಬಿಟ್ಟು. ಮ್ಯಾಪ್ ಅಲಾರಂ ಇಟ್ಟಿದ್ದಾನಂತೆ, ನೋಡೋಣ.

ಮುಂದಿನ ವಾರ ಸಿಗ್ತೀನಿ. ಅಲ್ಲೀವರೆಗೂ ಹುಷಾರು. ನಮಸ್ಕಾರ.