ವಿಮಾನ ಏರುವ ಮೊದಲು ನೆಲದ ಮೇಲಿನ ಸಿದ್ಧತೆ

(ಪಟ್ಟಣವೊಂದರಲ್ಲಿ ಹೈಸ್ಕೂಲ್ ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ತಂದೆಯೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಬಳಿಗೆ ಬಂದಿದ್ದರು. ಬಿ.ಎ. ಅಂತಿಮ ವರ್ಷದಲ್ಲಿದ್ದ ಆ ಯುವಕನಿಗೆ ವಾಯುಪಡೆಯ ಪೈಲಟ್ ಆಗಬೇಕೆಂಬುದು ಬಾಲ್ಯದ ಆಸೆ. ಪಿಯುಸಿಯಲ್ಲಿ ಏನು ಓದಿದಿರಿ ಎಂದು ಕೇಳಿದೆವು. ಇತಿಹಾಸ, ಅರ್ಥಶಾಸ್ತ್ರ ಎಂದನು. ಆ ಬಾಗಿಲು ಐದು ವರ್ಷಗಳ ಹಿಂದೆಯೇ ಮುಚ್ಚಿತ್ತೆಂದು ಹೇಳುವುದು ನಮಗೆ ಬಹಳ ಕಷ್ಟವಾಯಿತು. ನಾವೂ ಕಲಾ ವಿಭಾಗದಲ್ಲಿ ಓದಿದವರೇ. ಅದರ ಬಗ್ಗೆ ವಿಷಾದವಿಲ್ಲ. ಆದರೆ ತಿಳಿದು ಒಂದು ದಾರಿಯನ್ನು ಬಿಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ವಾಯುಪಡೆಯ ಹಾರಾಟ ವಿಭಾಗಕ್ಕೆ ಪ್ರಮುಖವಾಗಿ ಎರಡು ದಾರಿಗಳಿವೆ. ಪಿಯುಸಿ ಬಳಿಕ ಎನ್‌ಡಿಎ ಪರೀಕ್ಷೆ, ಪದವಿಯ ಬಳಿಕ ಆಫ್‌ಕ್ಯಾಟ್ ಪರೀಕ್ಷೆ. ಎರಡನೆಯದಕ್ಕೆ ಯಾವ ಪದವಿಯಾದರೂ ಸಾಕು. ಆದರೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಓದಿರಲೇಬೇಕು. ಅಂದರೆ ನಿರ್ಧಾರವಾಗುವುದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ, ಕಾಲೇಜಿನ ಅರ್ಜಿ ತುಂಬುವ ದಿನ.

ಎರಡನೆಯ ವಿಷಯ ಕಣ್ಣು. ಬಣ್ಣಗಳನ್ನು ಗುರುತಿಸುವುದರಲ್ಲಿ ಜನ್ಮತಃ ಇರುವ ದೋಷಕ್ಕೆ ಚಿಕಿತ್ಸೆಯಿಲ್ಲ. ಅಂಥವರು ಪೈಲಟ್ ಆಗಲಾರರು. ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪುಸ್ತಕದಿಂದ ಕಣ್ಣಿನ ವೈದ್ಯರು ಕೆಲವೇ ನಿಮಿಷಗಳಲ್ಲಿ ಇದನ್ನು ಪರೀಕ್ಷಿಸುತ್ತಾರೆ. ಕನ್ನಡಕ ತಪ್ಪಿಸಲೆಂದು 20 ವರ್ಷ ತುಂಬುವ ಮೊದಲೇ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸುವ ಅವಸರವೂ ಬೇಡ. ಅದೇ ಅನರ್ಹತೆಗೆ ಕಾರಣವಾಗುತ್ತದೆ. ಎತ್ತರ, ಕಾಲಿನ ಉದ್ದಗಳಿಗೂ ನಿಗದಿತ ಮಿತಿಗಳಿವೆ. ಇವೆಲ್ಲವನ್ನೂ ಒಂಬತ್ತನೇ ತರಗತಿಯಲ್ಲೇ ತಿಳಿದುಕೊಂಡರೆ ಮಗುವಿಗೆ ಸುಳ್ಳು ಆಸೆ ಬೆಳೆಯುವುದಿಲ್ಲ. ವಾಯುಪಡೆಯಲ್ಲಿ ನೆಲದ ಮೇಲಿನ ಅಧಿಕಾರಿ ಹುದ್ದೆಗಳೂ ಇವೆಯೆಂಬುದನ್ನು ಮರೆಯಬಾರದು.

ಮೂರನೆಯದು ದೇಹ ಮತ್ತು ಮನಸ್ಸು. ಸುಮಾರು 15 ನಿಮಿಷದಲ್ಲಿ 2.4 ಕಿ.ಮೀ. ಓಡುವ ಶಕ್ತಿ ಒಂದು ವಾರದಲ್ಲಿ ಬರುವುದಿಲ್ಲ. ಮುಂಜಾನೆಯ ಓಟ, ಈಜು, ಸಾಕಷ್ಟು ನಿದ್ದೆ ವರ್ಷಗಳ ಅಭ್ಯಾಸವಾಗಬೇಕು. ಲಿಖಿತ ಪರೀಕ್ಷೆಯ ಬಳಿಕ ಹಲವು ದಿನಗಳ ಆಯ್ಕೆ ಪ್ರಕ್ರಿಯೆಯಿದೆ. ವಾಯುಪಡೆಯ ಇಂತಹ ಆಯ್ಕೆ ಮಂಡಳಿಗಳಲ್ಲೊಂದು ನಮ್ಮ ಮೈಸೂರಿನಲ್ಲಿದೆ. ಅಲ್ಲಿ ಗುಂಪಿನಲ್ಲಿ ಮಾತನಾಡಬೇಕು, ಇತರರ ಮಾತನ್ನು ಕೇಳಬೇಕು, ಜವಾಬ್ದಾರಿ ಹೊರಬೇಕು. ಮನೆಯಲ್ಲಿ ಬಾಯಿ ತೆರೆಯಲು ಬಿಡದ ಮಗು ಅಲ್ಲಿ ಹೇಗೆ ಮಾತನಾಡೀತು?

ಕೊನೆಗೆ ಕಂಪ್ಯೂಟರಿನಲ್ಲಿ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಎತ್ತರಮಾಪಕ, ದಿಕ್ಸೂಚಿ, ವೇಗಮಾಪಕಗಳನ್ನು ಓದುವ ಚುರುಕು, ಕಣ್ಣು-ಕೈ-ಕಾಲುಗಳ ಹೊಂದಾಣಿಕೆಗಳನ್ನು ಇದು ಅಳೆಯುತ್ತದೆ. ಜೀವನದಲ್ಲಿ ಒಮ್ಮೆ ಮಾತ್ರ ಅವಕಾಶ. ಅನುತ್ತೀರ್ಣರಾದವರು ಹಾರಾಟ ವಿಭಾಗಕ್ಕೆ ಮತ್ತೆ ಪ್ರಯತ್ನಿಸುವಂತಿಲ್ಲ. ಆದ್ದರಿಂದ 'ಒಮ್ಮೆ ನೋಡಿ ಬರೋಣ' ಎಂಬ ಮನೋಭಾವ ಇಲ್ಲಿ ಸಲ್ಲದು.

ಹೆಣ್ಣುಮಕ್ಕಳ ಹೆತ್ತವರಿಗೂ ಒಂದು ಮಾತು. 2016ರಲ್ಲಿ ಮೂವರು ಯುವತಿಯರು ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದರು. 2022ರಿಂದ ಎನ್‌ಡಿಎಯಲ್ಲೂ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ಮಗಳು ಗಣಿತದಲ್ಲಿ ಮುಂದಿದ್ದರೆ ಈ ಮಾಹಿತಿಯನ್ನು ಅವಳಿಂದ ಮರೆಮಾಚುವ ಹಕ್ಕು ನಮಗಿದೆಯೇ?

ಖರ್ಚಿನ ಭಯವೂ ಬೇಡ. ಎನ್‌ಡಿಎಯಲ್ಲಿ ತರಬೇತಿ, ವಸತಿ, ಊಟ, ಪುಸ್ತಕ, ಸಮವಸ್ತ್ರಗಳ ವೆಚ್ಚವನ್ನು ಸರಕಾರವೇ ಭರಿಸುತ್ತದೆ. ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಹಾರಾಟದ ಮೊದಲ ಪಾಠ ಕಲಿತವರಲ್ಲಿ ಅನೇಕರು ಮುಂದಿನ ಹಂತಕ್ಕೆ ನಮ್ಮ ಬೀದರಿಗೇ ಬಂದು ಹಾಕ್ ಜೆಟ್ ವಿಮಾನ ಹಾರಿಸಲು ಕಲಿಯುತ್ತಾರೆ.

ಎಲ್ಲ ಮಕ್ಕಳೂ ಪೈಲಟ್‌ಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಸಿದ್ಧತೆ ನಡೆಸಿಯೂ ಆಯ್ಕೆಯಾಗದವರೇ ಹೆಚ್ಚು. ಆದರೆ ಅವರು ಕಲಿತ ಗಣಿತ, ಗಳಿಸಿದ ಆರೋಗ್ಯ, ರೂಢಿಸಿಕೊಂಡ ಶಿಸ್ತು ವ್ಯರ್ಥವಾಗದು. ತಡವಾಗಿ ಬಂದುದರಿಂದಲೇ ಮರಳಿದ ಆ ಯುವಕನ ಮುಖ ಮಾತ್ರ ನಮಗೆ ಇಂದಿಗೂ ಮರೆಯಲಾಗಿಲ್ಲ. ಈ ವಾರ ಮಕ್ಕಳೊಂದಿಗೆ ಕುಳಿತು ಅವರ ಆಸೆಯನ್ನು ಕೇಳಿ. ಬಿಡುವಿದ್ದರೆ ಕಣ್ಣಿನ ವೈದ್ಯರಲ್ಲಿಗೂ ಒಮ್ಮೆ ಕರೆದೊಯ್ಯಿರಿ.